ಬದಲಾಗದ್ದೆಲ್ಲ ಸೊನ್ನೆ

ಹಂಚಿನಿಂದ ಇಳಿದ ಮೊದಲ ರೊಟ್ಟಿ ಮನೆಯವರದಲ್ಲ. ಇದು ರುದ್ರವ್ವನ ನೇಮ. ಮಾಟುಂಗದ ಈ ಚಾಳಿನ ಎರಡನೆಯ ಮಾಳಿಗೆಯಲ್ಲಿ ಸಂಸಾರ ಹೂಡಿದ ದಿನದಿಂದ ಒಂದು ಬೆಳಿಗ್ಗೆಯೂ ಅದು ತಪ್ಪಿಲ್ಲ. ರೊಟ್ಟಿಯ ಮೇಲೆ ಇಷ್ಟು ಪಲ್ಯ ಇಟ್ಟು, ತಾಟಿನ ಮೇಲೆ ಹಿತ್ತಾಳೆ ಬೋಗುಣಿ ಬೋರಲು ಹಾಕಿ, ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಮೆಟ್ಟಿಲ ಬಳಿಯ ಕಟ್ಟೆಯ ಮೇಲೆ ಇಟ್ಟು ಬರುತ್ತಾಳೆ. ಆಮೇಲೆ ಲಿಂಗಪೂಜೆಗೆ ಕೂರುತ್ತಾಳೆ. ಪೂಜೆ ಮುಗಿಸಿ ನೋಡುವಷ್ಟರಲ್ಲಿ ತಾಟು ಖಾಲಿಯಾಗಿರುತ್ತದೆ. ಯಾರು ತಿಂದರೆಂದು ಅವಳು ಯಾರಿಗೂ ಹೇಳಿದವಳಲ್ಲ.

ಗಂಡ ಸಂಗಪ್ಪ ಕೇಳಿದವನೂ ಅಲ್ಲ. ಅವನು ಬೈಕುಲ್ಲಾದ ಸಗಟು ಅರಿವೆ ಅಂಗಡಿಯೊಂದರ ಕಾರಕೂನ. ವಾಣಿಜ್ಯದ ಪರೀಕ್ಷೆ ಪಾಸಾದವನಿಗೆ ಹೆಡ್ ಕ್ಲಾರ್ಕ್ ಕುರ್ಚಿ, ನಪಾಸಾದವನಿಗೆ ದಹಿಸರದ ಹೊಸ ಗೋದಾಮು ಎಂದು ಧಣಿ ಶೇಟಜಿ ಹೇಳಿದ ಮೇಲೆ ಅವನು ರಾತ್ರಿ ಕಾಲೇಜು ಸೇರಿದ್ದಾನೆ. ಆ ಪರೀಕ್ಷೆಯಲ್ಲಿ ಕ್ಯಾಲ್ಕುಲಸ್ ಎಂಬುದೊಂದಿದೆ. ಅದು ಮನೆ ಹೊಕ್ಕ ಮೇಲೆ ರೊಟ್ಟಿಗೂ ನೆಮ್ಮದಿಯಿಲ್ಲ.

ಸಂಗಪ್ಪ: ಎಷ್ಟು ಸಲ ಹೇಳಬೇಕು ನಿನಗ? ಪುಸ್ತಕದಾಗ ಸ್ವಚ್ಛ ಬರದೈತಿ. ಬದಲಾಗದ್ದು ಸೊನ್ನಿ!

ರುದ್ರವ್ವ: ನನ್ನ ರೊಟ್ಟಿ ಸುದ್ದಿ ಪುಸ್ತಕದವರಿಗೆ ಯಾರು ಹೇಳಿದ್ರು?

ಸಂಗಪ್ಪ: ಅದರಾಗ ರೊಟ್ಟಿ ಹೆಸರಿಲ್ಲ. ನಾವು ತಿಳಕೋಬೇಕು. ಈ ಕ್ಯಾಲ್ಕುಲಸ್ ಐತೆಲ್ಲ, ಅದು ಬರೇ ಬದಲಾವಣಿ ನೋಡತೈತಿ. ಏನು ಏರಿತು, ಏನು ಇಳೀತು, ಎಷ್ಟು ಜೋರಿಲೆ ಏರಿತು, ಇಷ್ಟಽ. ನಿನ್ನೆ ಎಷ್ಟು ರೊಟ್ಟಿ ಹೊರಗಿಟ್ಟಿ?

ರುದ್ರವ್ವ: ಒಂದು.

ಸಂಗಪ್ಪ: ಇವತ್ತು?

ರುದ್ರವ್ವ: ಒಂದು.

ಸಂಗಪ್ಪ: ಬದಲಾವಣಿ?

ರುದ್ರವ್ವ: ಪಲ್ಯ ಬದಲಾಗೇತಿ. ನಿನ್ನೆ ಮೆಂತ್ಯ ಇತ್ತು, ಇವತ್ತು ಎಣ್ಣಿಗಾಯಿ.

ಸಂಗಪ್ಪ: ಪಲ್ಯ ಬಿಡು! ರೊಟ್ಟಿ ನಿನ್ನೇನೂ ಒಂದು, ಇವತ್ತೂ ಒಂದು. ಬದಲಾವಣಿ ಸೊನ್ನಿ. ಕ್ಯಾಲ್ಕುಲಸ್ಸಿನ ಕಣ್ಣಿಗೆ ನಿನ್ನ ರೊಟ್ಟಿ ಕಾಣೂದಽ ಇಲ್ಲ. ಕಾಣದ ರೊಟ್ಟಿ ಇಟ್ರೇನು, ಬಿಟ್ರೇನು?

ರುದ್ರವ್ವ: ಲಗ್ನ ಆದಾಗಿಂದ ನಿಮ್ಮ ಪಗಾರನೂ ಬದಲಾಗಿಲ್ಲ. ಅದೂ ಕಾಣೂದಿಲ್ಲೇನು ಅದರ ಕಣ್ಣಿಗೆ?

ಸಂಗಪ್ಪ ಪುಸ್ತಕದ ಹಾಳೆ ತಿರುವಿದ.

ಸಂಗಪ್ಪ: ಪಗಾರ ಬದಲಾಗಲಿ ಅಂತನಽ ಓದಾಕ ಹತ್ತೀನಿ. ಇದೇನು ಸರಳ ವಿದ್ಯಾ ಅಂತ ತಿಳದಿ? ಇದರಾಗ ‘ಎಚ್’ ಅಂತ ಒಂದು ಐತಿ. ಅದು ಸೊನ್ನಿ ಕಡೆ ಹೊಂಟಿರತೈತಿ. ಹತ್ತರ ಹೋಗತೈತಿ, ಇನ್ನೂ ಹತ್ತರ ಹೋಗತೈತಿ. ಆದರ ಮುಟ್ಟೂದಿಲ್ಲ.

ರುದ್ರವ್ವ: ನಿಮ್ಮ ತಮ್ಮ ಶಂಕ್ರೆಪ್ಪನ್ಹಂಗ. ಸೊಲ್ಲಾಪುರಕ್ಕ ಬಂದೆ ಅಂತ ಒಂದು ಕಾರ್ಡು, ಪುಣೆಕ್ಕ ಬಂದೆ ಅಂತ ಒಂದು ಕಾರ್ಡು, ಕಲ್ಯಾಣಕ್ಕ ಬಂದೆ ಅಂತ ಒಂದು ಕಾರ್ಡು. ನಮ್ಮ ಹೊಸ್ತಿಲಾ ಮಾತ್ರ ಇನ್ನೂ ಮುಟ್ಟಿಲ್ಲ.

ಸಂಗಪ್ಪ: ಹಂಗಾರ ಗಣಿತ ನಮ್ಮ ಮನೆತನದ ರಕ್ತದಾಗ ಐತಿ ಅಂದಂಗಾತು!

ರುದ್ರವ್ವ ತಾಟು ಮುಚ್ಚಿ ಹೊರಗಿಟ್ಟು ಬಂದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದಳು. ಸಂಗಪ್ಪನ ಪೂಜೆ ಆಗಲೇ ಮುಗಿದಿತ್ತು. ಪರೀಕ್ಷೆ ಸಮೀಪಿಸಿದ ಹಾಗೆ ಅದು ದಿನದಿನಕ್ಕೂ ಸೊನ್ನೆಯ ಹತ್ತಿರ ಹೋಗುತ್ತಿತ್ತು, ಮುಟ್ಟಿರಲಿಲ್ಲ ಅಷ್ಟೆ.

ಪೂಜೆಗೆ ಕೂತ ಹೆಂಡತಿ ಚಾಳಿಗೆ ಬೆಂಕಿ ಬಿದ್ದರೂ ಕಣ್ಣು ತೆರೆಯುವವಳಲ್ಲ ಎಂದು ಅವನಿಗೆ ಗೊತ್ತು. ಬೆಕ್ಕಿನ ಹೆಜ್ಜೆಯಲ್ಲಿ ಗ್ಯಾಲರಿಗೆ ಹೋದ. ಬೋಗುಣಿ ಎತ್ತಿದ. ಬಿಸಿ ರೊಟ್ಟಿಯನ್ನು ಮಡಚಿ ಬಾಯಿಗಿಟ್ಟ. ಬೋಗುಣಿಯನ್ನು ಮೊದಲಿದ್ದ ಹಾಗೆಯೇ ಬೋರಲು ಹಾಕಿ ಬಂದು ಪುಸ್ತಕ ಹಿಡಿದ. ಇದು ಇವತ್ತು ಶುರುವಾದದ್ದಲ್ಲ. ಬದಲಾಗದ್ದು ಸೊನ್ನೆ ಎಂಬ ಪಾಠವಾದ ಮರುದಿನದಿಂದಲೂ ನಡೆದಿದೆ. ಕದ್ದು ತಿಂದರೆ ಪಾಪ, ತತ್ವದ ಪ್ರಕಾರ ತಿಂದರೆ ಅಭ್ಯಾಸ ಎಂದು ಅವನ ನಂಬಿಕೆ. ಆ ತತ್ವಕ್ಕೆ ಹೆಂಡತಿಯ ಒಪ್ಪಿಗೆಯೂ ಸಿಕ್ಕಿಬಿಟ್ಟರೆ ಬೆಕ್ಕಿನ ಹೆಜ್ಜೆ ಇಡುವ ಕಷ್ಟ ತಪ್ಪುತ್ತದೆ ಎಂದೇ ದಿನವೂ ಈ ವಾದ.

ಪೂಜೆ ಮುಗಿಯಿತು. ರುದ್ರವ್ವ ಗಂಡನಿಗೆ ಬಡಿಸಿದಳು. ಸಂಗಪ್ಪ ಎಣ್ಣೆಗಾಯಿಯ ತುತ್ತನ್ನು ಬಾಯಿಗಿಟ್ಟ.

ಸಂಗಪ್ಪ: ಆಹಾ!

ರುದ್ರವ್ವ ರೊಟ್ಟಿ ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು.

ಸಂಗಪ್ಪ: ಯಾಕ ಮುಚ್ಚಿದಿ? ಇನ್ನೊಂದು ಹಾಕು.

ರುದ್ರವ್ವ: ನಿನ್ನೆ ನೀವಽ ಹೇಳಿದ್ರಿ. ತಿಂದಂಗ ತಿಂದಂಗ ಸುಖಾ ಏರತೈತಿ, ಏರಿ ಗುಡ್ಡದ ನೆತ್ತಿ ಮುಟ್ಟತೈತಿ, ಆಮ್ಯಾಲೆ ಇಳೀತೈತಿ. ಶ್ಯಾಣ್ಯಾ ವ್ಯಾಪಾರಿ ನೆತ್ತಿ ಮ್ಯಾಲೆ ನಿಂತಬಿಡತಾನ ಅಂತ.

ಸಂಗಪ್ಪ: ಹೇಳಿದ್ದೆ. ಅದಕ್ಕೇನೀಗ?

ರುದ್ರವ್ವ: ನೀವು ಆಹಾ ಅಂದ್ರಿ. ನೆತ್ತಿ ಬಂತು. ಏಳ್ರಿ, ಕೈ ತೊಳಕೊಳ್ರಿ.

ಸಂಗಪ್ಪ: ಅದು ಪಲ್ಯದ ಆಹಾ! ರೊಟ್ಟೀದಲ್ಲ!

ರುದ್ರವ್ವ: ಯಾವ ಆಹಾ ಯಾವುದರದು ಅಂತ ನನಗ ಹೆಂಗ ತಿಳೀಬೇಕು? ಇನ್ನೊಂದು ಹಾಕಿ ನೀವು ಇಳಿಜಾರಿನಾಗ ಜಾರಿ ಬಿದ್ರ ಯಾರು ಹೊಣಿ?

ಸಂಗಪ್ಪ: ಅದು ನೆತ್ತಿ ಹೌದೋ ಅಲ್ಲೋ ಅಂತ ಗೊತ್ತಾಗಬೇಕಂದ್ರ ಒಂದು ಹೆಜ್ಜಿ ಮುಂದಿಟ್ಟು ನೋಡಬೇಕು. ಇಳದ್ರ ಖರೆ ನೆತ್ತಿ. ಅದಕ್ಕ ಇನ್ನೊಂದು ರೊಟ್ಟಿ ಬೇಕು. ನನಗಲ್ಲ, ಶಾಸ್ತ್ರಕ್ಕ.

ರುದ್ರವ್ವ: ಇತ್ತಿತ್ತಲಾಗ ನಿಮ್ಮ ನೆತ್ತಿ ಲಗೂ ಬರಾಕ ಹತ್ತೇತಿ. ಮೊದಲೆಲ್ಲ ಬುಟ್ಟಿ ತಳಾ ಕಂಡಮ್ಯಾಲೆ ಆಹಾ ಅಂತಿದ್ರಿ. ಹೊಟ್ಟಿ ಸರಿ ಐತಿಲ್ಲೊ?

ಸಂಗಪ್ಪ ಕೆಮ್ಮಿದ.

ಸಂಗಪ್ಪ: ಹೊಟ್ಟಿ ಚಿಂತಿ ಬಿಡು, ಮಾಸ್ತರ ಚಿಂತಿ ಮಾಡು. ನಾಕಾರು ದಿನಾತು, ಮನಷ್ಯಾನ ಪತ್ತೇನಽ ಇಲ್ಲ. ಸೋಮವಾರ ಪರೀಕ್ಷಾ!

ಮಾಸ್ತರ ಎಂದರೆ ಮೇಲಿನ ಮಾಳಿಗೆಯ ಖೋಲಿಯಲ್ಲಿ ಒಬ್ಬನೇ ಇರುವ ಶಿವಪುತ್ರಪ್ಪ. ಬಿಜಾಪುರ ಕಡೆಯವನು, ಯಾವುದೋ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ. ದಿನಾ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮುಂಚೆ ಇವರ ಖೋಲಿಗೆ ಬಂದು ಸಂಗಪ್ಪನಿಗೆ ಪಾಠ ಹೇಳಿ ಹೋಗುತ್ತಿದ್ದ.

ರುದ್ರವ್ವ: ಅರ್ಧಾ ಪಾಠ ಆಗೇತಿ ಅಂದಿದ್ರೆಲ್ಲ?

ಸಂಗಪ್ಪ: ಇನ್ನರ್ಧಾ ಹಂಗಽ ಉಳದೈತಿ. ಅದು ಬರದಿದ್ರ ನಪಾಸು. ನಪಾಸಾದ್ರ ಗಂಟು ಕಟ್ಟು, ದಹಿಸರಕ್ಕ ನಡಿ.

ರುದ್ರವ್ವ: ಅಯ್ಯ ಶಿವನ! ಅಲ್ಲೆ ನಳಾ ಇಲ್ಲಂತ, ಹತ್ತರ ಒಂದು ಗುಡಿ ಇಲ್ಲಂತ. ಸಂಜೀಕ ಮಾತಾಡಾಕ ಬಾಯಿ ತೆರದ್ರ ಸೊಳ್ಳಿ ಹೊಕ್ಕತಾವಂತ. ಬಾಜೂ ಖೋಲಿ ದಾನವ್ವ ಹೇಳತಿದ್ಲು.

ಸಂಗಪ್ಪ: ಮತ್ತ? ಅದಕ್ಕಽ ಹೇಳಾಕ ಹತ್ತೀನಿ.

ರುದ್ರವ್ವ: ನೀವು ಮಾಸ್ತರಿಗೆ ಏನರೆ ಅಂದ್ರೇನು?

ಸಂಗಪ್ಪ: ನಾ ಏನಂತೀನಿ? ಅಂವ ನನಗ ಫುಕಟ ಯಾಕ ಕಲಸತಿದ್ದ, ಗೊತ್ತೈತೇನು? ಇಂಥಾ ಬುದ್ಧಿವಂತ ಶಿಷ್ಯ ಅವನ ಕಾಲೇಜಿನಾಗ ಒಬ್ಬನೂ ಇಲ್ಲ, ಅದಕ್ಕ.

ರುದ್ರವ್ವ ಸೆರಗಿನ ಮರೆಯಲ್ಲಿ ನಕ್ಕಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಶಿವಪುತ್ರಪ್ಪ ಛತ್ರಿ ಹಿಡಿದು ಅವಸರದಲ್ಲಿ ಇಳಿಯುತ್ತಿದ್ದ. ಸಂಗಪ್ಪ ಎಂಜಲುಗೈಯಲ್ಲೇ ಓಡಿಹೋಗಿ ದಾರಿಗೆ ಅಡ್ಡ ನಿಂತ.

ಸಂಗಪ್ಪ: ಮಾಸ್ತರ, ನಿಲ್ರಿ! ಹಿಂಗ ನಡುನೀರಾಗ ಕೈ ಬಿಟ್ರ ಹೆಂಗ?

ಶಿವಪುತ್ರಪ್ಪ: ಹಂಗಲ್ಲರಿ ಸಂಗಪ್ಪನವರ, ಹೊತ್ತು ಸಿಗವಲ್ದು. ಮುಂಜಾನೆ ಸ್ಟೇಶನ್ ಬಾಜೂಕಿನ ಉಡುಪಿ ಹೋಟೆಲಿಗೆ ಹೋಗತೀನಿ. ಅಲ್ಲೆ ಸಾಲು ನಿಂತು, ಕೂಡಾಕ ಜಾಗಾ ಸಿಕ್ಕು, ಇಡ್ಲಿ ಬರೂದ್ರಾಗ ಲೋಕಲ್ ಬಂದಿರತೈತಿ. ನಿಮ್ಮ ಪಾಠದ ಹೊತ್ತೆಲ್ಲ ಇಡ್ಲಿ ತಿಂದುಬಿಡತೈತಿ.

ರುದ್ರವ್ವ: ಹೋಟೆಲ್ ಯಾಕ್ರಿ ಮಾಸ್ತರ? ನಮ್ಮ ತಾಟಿನ ರುಚಿ ಕೆಟ್ಟಿತೇನು?

ಸಂಗಪ್ಪ: ಯಾವ ತಾಟು?

ರುದ್ರವ್ವ: ಕಟ್ಟಿ ಮ್ಯಾಲಿಂದು. ಮಾಸ್ತರ ದಿನಾ ತಿನ್ನೂದು.

ಸಂಗಪ್ಪ: ದಿನಾ ಯಾರು ತಿನ್ನೂದು?

ಶಿವಪುತ್ರಪ್ಪ: ನಾನಽರಿ. ನನಗ ಸ್ಟೋವ್ ಹಚ್ಚಾಕ ಬರೂದಿಲ್ಲ. ನೀವು ನಳದ ಸಾಲಿನಾಗ ನಿಂತಿದ್ದಾಗ ರೊಟ್ಟಿ ತಿಂದು, ತಾಟು ತೊಳದಿಟ್ಟು, ಒಳಗ ಬಂದು ಕೂಡತಿದ್ದೆ. ಈಗ ನಾಕಾರು ದಿನದಿಂದ ಬೋಗುಣಿ ಎತ್ತಿದ್ರ ತಳಗ ಏನೂ ಇಲ್ಲ. ಅಕ್ಕಾರಿಗೆ ತ್ರಾಸ ಆಗಿರಬೇಕು, ಬಾಯಿಬಿಟ್ಟು ಕೇಳೂದು ಹೆಂಗ ಅಂತ ಸುಮ್ಮನಾದೆ.

ರುದ್ರವ್ವ: ನಾ ಒಂದು ದಿನಾನೂ ತಪ್ಪಿಸಿಲ್ಲ ಮಾಸ್ತರ! ತಾಟು ಖಾಲಿ ಇರತಿತ್ತು. ತೊಳದಿರತಿದ್ದಿಲ್ಲ, ಗಡಿಬಿಡಿ ಇರಬೇಕು ಅಂತ ತಿಳದಿದ್ದೆ.

ಇಬ್ಬರೂ ಒಟ್ಟಿಗೆ ಸಂಗಪ್ಪನ ಕಡೆ ನೋಡಿದರು. ಸಂಗಪ್ಪ ಮಾಳಿಗೆಯ ತೊಲೆ ನೋಡಿದ.

ರುದ್ರವ್ವ: ರೀ...

ಸಂಗಪ್ಪ: ನಾ ತಿಂದಿಲ್ಲ. ಅಂದ್ರ, ತಿಂದೀನಿ. ಆದರ ಲೆಕ್ಕದ ಪ್ರಕಾರ ತಿಂದಂಗಾಗಿಲ್ಲ. ಬದಲಾಗದ್ದು ಸೊನ್ನಿ. ಸೊನ್ನಿ ತಿಂದ್ರ ಏನು ತಿಂದಂಗಾತು? ಇದನ್ನ ಕಲಿಸಿದವರು ನೀವಽ ಮಾಸ್ತರ! ನನ್ನ ಮ್ಯಾಲೆ ಹಾಕಬ್ಯಾಡ್ರಿ.

ಶಿವಪುತ್ರಪ್ಪ ಛತ್ರಿಯನ್ನು ಗೋಡೆಗೆ ಒರಗಿಸಿ ನಕ್ಕ.

ಶಿವಪುತ್ರಪ್ಪ: ಅರ್ಧಾ ಪಾಠ ಕಲತು ಪೂರಾ ರೊಟ್ಟಿ ತಿಂದೀರಿ. ಈಗ ನಿಮ್ಮ ಶೇಟಜಿ ಅಂಗಡಿ ಬಾಡಿಗಿ ತಗೋರಿ. ಅರಿವಿ ಹೆಚ್ಚು ಮಾರಿದ್ರೂ ಅಷ್ಟ, ಕಡಿಮಿ ಮಾರಿದ್ರೂ ಅಷ್ಟ. ಖರ್ಚು ಹೆಂಗ ಏರತೈತಿ ಅಂತ ನೋಡುವಾಗ ಆ ಬಾಡಿಗಿ ಸೊನ್ನಿ ಆಗಿ ಉದುರಿ ಹೋಗತೈತಿ. ಖರೆ. ಅಂತ ಹೇಳಿ ಶೇಟಜಿ ಬಾಡಿಗಿ ಕೊಡೂದಽ ಬಿಟ್ರ?

ಸಂಗಪ್ಪ: ಜಾಗಾದ ಮಾಲಕ ಅಂಗಡಿಗೆ ಕೀಲಿ ಹಾಕತಾನ.

ಶಿವಪುತ್ರಪ್ಪ: ಹೌದಿಲ್ಲೊ? ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ. ಅದಕ್ಕಽ ಲೆಕ್ಕಾ ಹೊಳ್ಳಿ ಮೊದಲಿನ ಜಾಗಾಕ್ಕ ತರುವಾಗ ಕಡೀಗೆ ಒಂದು ‘ಸಿ’ ಕೂಡಸಬೇಕು. ಬದಲಾಗದನಽ ಸುಮ್ಮನ ನಿಂತಿತ್ತಲ್ಲ, ಅದರ ಗುರ್ತು. ಇದಽ ಉಳಿದರ್ಧಾ ಪಾಠ. ಎಲ್ಲಾರೂ ಅದನ್ನ ಮರೀತಾರ, ಅಲ್ಲೇ ಮಾರ್ಕ ಹೋಗತಾವ.

ರುದ್ರವ್ವ: ಆ ‘ಸಿ’ ಈಗ ಎಲ್ಲೈತ್ರಿ ಮಾಸ್ತರ?

ಶಿವಪುತ್ರಪ್ಪ: ಸಂಗಪ್ಪನವರ ಹೊಟ್ಯಾಗ.

ಸಂಗಪ್ಪನಿಗೆ ನಗು ಬರಲಿಲ್ಲ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ರೊಟ್ಟಿ ಹೋದರೆ ಮಾಸ್ತರ ಹೋಟೆಲಿಗೆ, ಮಾಸ್ತರ ಹೋಟೆಲಿಗೆ ಹೋದರೆ ಪಾಠ ಇಲ್ಲ, ಪಾಠ ಇಲ್ಲದಿದ್ದರೆ ದಹಿಸರ. ಪುಸ್ತಕ ನೋಡದೆ ಅವನು ಮಾಡಿದ ಮೊದಲ ಲೆಕ್ಕ ಅದು. ಉತ್ತರವೂ ಸರಿಯಿತ್ತು.

ಸಂಗಪ್ಪ: ಅಲ್ಲ, ಮಾಸ್ತರಿಗೆ ಹೋಗತೈತಿ ಅಂತ ಒಂದು ಮಾತು ಹೇಳಬಾರದೇನು ನೀ?

ರುದ್ರವ್ವ: ಎಷ್ಟು ಅಂತ ಕೇಳಿದ್ರಿ, ಯಾಕ ಅಂತ ಕೇಳಿದ್ರಿ. ಯಾರಿಗೆ ಅಂತ ಕೇಳಲಿಲ್ಲ. ಮತ್ತ, ಕೊಟ್ಟದ್ದನ್ನ ಹೇಳಿಕೋತ ತಿರಗಿದ್ರ ಕೊಟ್ಟಂಗಾಗತೈತೇನು?

ಶಿವಪುತ್ರಪ್ಪ: ನನ್ನ ಸಂಬಂಧ ಜಗಳ ಬ್ಯಾಡ ಅಕ್ಕಾರ. ನಾ ಹೋಟೆಲಿಗೆ ಹೋಗತೀನಿ.

ರುದ್ರವ್ವ: ಕೂಡ್ರಿ ಮಾಸ್ತರ. ಆ ರೊಟ್ಟಿ ನಿಮ್ಮ ಹೆಸರಿಂದೂ ಅಲ್ಲ, ಇವರ ಹೆಸರಿಂದೂ ಅಲ್ಲ. ಶಿವನ ಹೆಸರಿಂದು. ಹಸದು ಆ ದಾರೀಲೆ ಯಾರು ಬರತಾರ, ಅವರದು. ನೀವು ಬಂದ್ರಿ, ಅಷ್ಟ.

ಅವಳು ಬುಟ್ಟಿಯ ಮೇಲಿನ ಅರಿವೆ ತೆಗೆದಳು. ತಾಟಿನಲ್ಲಿ ರೊಟ್ಟಿ ಹಾಕಿ, ಪಕ್ಕದಲ್ಲಿ ಎಣ್ಣೆಗಾಯಿ ಬಡಿಸಿ ಮಾಸ್ತರನ ಮುಂದಿಟ್ಟಳು. ಸಂಗಪ್ಪನ ಕಣ್ಣು ರೊಟ್ಟಿಯ ಹಿಂದೆಯೇ ಹೋಯಿತು.

ಸಂಗಪ್ಪ: ಅದು... ನಾ ಕೇಳಿದ ರೊಟ್ಟಿ.

ರುದ್ರವ್ವ: ನಿಮ್ಮ ನೆತ್ತಿ ಆಗಿಹೋತು. ಮಾಸ್ತರದು ಇನ್ನೂ ಏರು.

ಶಿವಪುತ್ರಪ್ಪ: (ಮೊದಲ ತುತ್ತಿಗೆ) ಆಹಾ!

ಸಂಗಪ್ಪ: ಅಂದ್ರು! ಆಹಾ ಅಂದ್ರು! ಮುಚ್ಚು ಬುಟ್ಟಿ!

ಬುಟ್ಟಿ ಮುಚ್ಚಲಿಲ್ಲ. ಮಾಸ್ತರ ತಿನ್ನುತ್ತಲೇ ಪಾಠ ಹೇಳಿದ. ಸಂಗಪ್ಪ ಕೈ ತೊಳೆದು ಬಂದು ಪಾಟಿ ಹಿಡಿದು ಕೂತ. ಪ್ರತಿ ಲೆಕ್ಕದ ಕೊನೆಗೂ ‘ಸಿ’ ಬರೆದ. ಬೇಡದ ಕಡೆಯೂ ಬರೆದ. ಲೋಕಲ್ ಹೊತ್ತಾಗಿ ಮಾಸ್ತರ ತಾಟು ತೊಳೆದಿಟ್ಟು ಛತ್ರಿ ತೆಗೆದುಕೊಂಡು ಹೋದ. ಆಗ ಸಂಗಪ್ಪ ಜೋನಿಬೆಲ್ಲದಂಥ ದನಿ ತೆಗೆದ.

ಸಂಗಪ್ಪ: ನೋಡು, ನಾಳಿಂದ ನೀ ತ್ರಾಸ ತಗೋಬ್ಯಾಡ. ಕಟ್ಟಿ ಮ್ಯಾಲೆ ಇಡೂದು, ಕಾಗಿ ಬಾಯಿ ಹಾಕೂದು, ಯಾಕ ಬೇಕು? ಹಂಚಿನಿಂದ ಇಳಿಸಿ ನನ್ನ ಕೈಯಾಗ ಕೊಟ್ಟುಬಿಡು. ಮ್ಯಾಲಿನ ಮಾಳಿಗೀಗೆ ನಾನಽ ಹೋಗಿ ಮಾಸ್ತರಿಗೆ ಮುಟ್ಟಿಸಿ ಬರತೀನಿ.

ರುದ್ರವ್ವ: ಬ್ಯಾಡ್ರಿ. ನಿಮ್ಮ ಕೈಯಾಗ ಕೊಟ್ಟ ರೊಟ್ಟಿ ಆ ನಿಮ್ಮ ‘ಎಚ್’ ಇದ್ದಂಗ. ಒಂದೊಂದು ಮೆಟ್ಟಲಾ ಏರಿದಂಗ ಸೊನ್ನಿ ಹತ್ತರ ಹೋಗತೈತಿ, ಮಾಸ್ತರನ್ನ ಮಾತ್ರ ಮುಟ್ಟೂದಿಲ್ಲ.