ಗುರುಶಾಂತಪ್ಪ ಮೌನವಿಜಯ

ಎಲೈ ವಾಗ್ದೇವಿ, ನಿನ್ನನ್ನು ಕರೆದು ನಾಲಿಗೆಯ ತುದಿಯಲ್ಲಿ ಕೂರಿಸಿಕೊಂಡು ಕಥೆ ಶುರುಮಾಡುವುದು ಲೋಕದ ವಾಡಿಕೆ. ಈ ಕಥೆಯಲ್ಲಿ ಮಾತ್ರ ನಿನಗೆ ಕೆಲಸವಿಲ್ಲ. ಕಥಾನಾಯಕನ ನಾಲಿಗೆಯಿಂದ ಇಳಿದು ಒಂದೇ ಒಂದು ಗಂಟೆ ಹೊರಗೆ ಕೂತಿದ್ದರೆ ಸಾಕು, ತಾಯಿ. ನಿನಗೂ ವಿಶ್ರಾಂತಿ, ಬೀದಿಗೂ ವಿಶ್ರಾಂತಿ.

ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ನವನೀತಪರಿಮಳಭರಿತವೂ ಮಂಡಕ್ಕಿಧೂಮಾವೃತವೂ ಆದ ದಾವಣಗೆರೆಯೆಂಬ ಮಹಾನಗರದ ಆಗ್ನೇಯ ದಿಗ್ಭಾಗದಲ್ಲಿ, ಪೆಟ್ರೋಲ್ ಬಂಕಿನ ಹಿಂದೆ ಎಡಕ್ಕೆ ತಿರುಗಿದರೆ ಸಿಗುವ ಬೆಳ್ಳಿಚುಕ್ಕಿ ಬಡಾವಣೆಯ ಮೂರನೇ ಅಡ್ಡರಸ್ತೆಯೆಂಬ ನಲವತ್ತೆರಡು ಮನೆಗಳ ಸಾಮ್ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ನಿವಾಸಿಗಳ ಸಂಘದ ಏಕಚ್ಛತ್ರಾಧಿಪತಿಗಳೂ, ಶ್ವೇತಸಫಾರಿಧಾರಿಗಳೂ, ಮೇಘಗಂಭೀರಕಂಠರೂ ಆದ ಗುರುಶಾಂತಪ್ಪನವರು. ಆಳುತ್ತಿದ್ದರು ಎಂದು ಅವರೇ ಹೇಳಿದ್ದು. ಬೀದಿಗೆ ಆ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ.

ಆ ಕಂಠದ ಹಿನ್ನೆಲೆಯನ್ನು ಹೇಳಲೇಬೇಕು. ಗುರುಶಾಂತಪ್ಪನವರು ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತಿದ್ದವರು. ಹರಪನಹಳ್ಳಿ ಕಡೆಗೆ ಹೋಗುವ ವಾಹನ ಮೂರನೇ ಅಂಕಣದಲ್ಲಿ ನಿಂತಿದೆ ಎಂದು ಅವರು ಒಮ್ಮೆ ಗರ್ಜಿಸಿದರೆ ಎಂಟನೇ ಅಂಕಣದಲ್ಲಿ ಮಲಗಿದ್ದವನೂ ಎದ್ದು ಗಂಟು ಹುಡುಕುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಯಾರೊಬ್ಬರೂ ಆ ಮೈಕಿಗೆ ತಿರುಗಿ ಉತ್ತರ ಕೊಟ್ಟವರಿಲ್ಲ. ಮಾತೆಂದರೆ ಹೀಗೇ, ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಮುಟ್ಟುವುದು ಎಂದು ಅವರು ನಂಬಿಬಿಟ್ಟಿದ್ದರು. ನಿವೃತ್ತಿಯಾದ ಮಾರನೇ ತಿಂಗಳೇ ಸಂಘ ಕಟ್ಟಿ ತಾವೇ ಅಧ್ಯಕ್ಷರಾದರು.

ಹನ್ನೊಂದು ವರ್ಷಗಳಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂಲೆಯ ಖಾಲಿ ಸೈಟಿನ ಬೇವಿನಮರದ ಕೆಳಗೆ ಮಹಾಸಭೆ ನಡೆಯುತ್ತಿತ್ತು. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳು ಹಾಜರು. ಮನುಷ್ಯರ ಪೈಕಿ ಮೂವರು ಹಾಜರು: ಅಧ್ಯಕ್ಷರು, ಕಣ್ಣು ಮುಚ್ಚಿಕೊಂಡೇ ಎಲ್ಲಕ್ಕೂ ತಲೆದೂಗುವ ಕಾರ್ಯದರ್ಶಿ ಬಸವಂತಪ್ಪ, ಮತ್ತು ಕಾಫಿ ಫ್ಲಾಸ್ಕ್ ತಂದ ಅಧ್ಯಕ್ಷರ ಧರ್ಮಪತ್ನಿ ಸರ್ವಮಂಗಳಮ್ಮ. ಬಾರದ ನಾಗರಿಕರನ್ನು ಗುರುಶಾಂತಪ್ಪನವರು ಬಂದ ಕುರ್ಚಿಗಳ ಎದುರು ಬೈಯುತ್ತಿದ್ದರು. ನಿದ್ರಾಲೋಲುಪರು, ಧಾರಾವಾಹಿದಾಸರು, ಕುಂಭಕರ್ಣವಂಶೋದ್ಧಾರಕರು ಎಂಬ ಬಿರುದುಗಳು ಬೇವಿನಮರಕ್ಕೆ ಬಾಯಿಪಾಠವಾಗಿದ್ದವು. ಆದರೆ ಸಭೆ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವಾಗ ಅವರಿಗೆ ಸಂಕಟವಾಗುತ್ತಿತ್ತು. ಯಾರಾದರೂ ಬರಲಿ ಎಂಬುದು ಅವರ ನಿಜವಾದ ಆಸೆ, ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಹೀಗಿರುವಾಗ ನೆರೆಬೀದಿ ಪ್ರತಿಷ್ಠಾನವೆಂಬ ದಾನಶೀಲ ಸಂಸ್ಥೆಯೊಂದು ಬೀದಿಬೀದಿಯ ಸಂಘಗಳಿಗೆ ಹದಿನೈದು ಸಾವಿರದ ಕಿರುಸಹಾಯ ಕೊಡುತ್ತದೆಂಬ ವಾರ್ತೆ ಬಂತು. ನಿವಾಸಿಗಳು ಕೂಡಿ ಏನಾದರೂ ಒಂದು ಮಾಡಿಕೊಳ್ಳಲಿ ಎಂಬುದು ಆ ದಾನದ ಉದ್ದೇಶ. ಹಣ ಬರುವ ಮೊದಲು ಒಬ್ಬರು ಮಾರ್ಗದರ್ಶಿ ಬರುತ್ತಾರೆ, ಸಂಘ ನಡೆಸುವುದು ಹೇಗೆಂದು ಹೇಳಿಕೊಡುತ್ತಾರೆ, ಅವರು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಬಂದವರು ಫರ್ಜಾನಾ. ಮೂವತ್ತರ ಪ್ರಾಯದ, ಹಸಿರು ಸ್ಕೂಟರಿನ, ಕಡಿಮೆ ಮಾತಿನ ಹೆಂಗಸು. ಒಂದು ಭಾನುವಾರ ಹತ್ತರ ಸಭೆಯಲ್ಲಿ ಕೊನೆಯ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸಭೆ ಮುಗಿದ ಮೇಲೆ, ಅರವತ್ತು ನಿಮಿಷದಲ್ಲಿ ಐವತ್ತನಾಲ್ಕು ನಿಮಿಷ ನೀವೇ ಮಾತಾಡಿದಿರಿ ಸರ್ ಎಂದರು. ಗುರುಶಾಂತಪ್ಪನವರು ಕೈಮುಗಿದು, ವಯಸ್ಸಾಯಿತು, ಮೊದಲಿನಷ್ಟು ಆಗುವುದಿಲ್ಲ ಎಂದು ವಿನಯದಿಂದ ಉತ್ತರಿಸಿದರು.

ಆಮೇಲೆ ಅವರು ತಮ್ಮ ಮಹಾಸಂಕಲ್ಪವನ್ನು ಬಿಚ್ಚಿಟ್ಟರು. ಬೀದಿಯ ಮುಖದಲ್ಲಿ ಕಬ್ಬಿಣದ ಸ್ವಾಗತ ಕಮಾನು. ಗಗನಚುಂಬಿ. ಅದರ ನೆತ್ತಿಯಲ್ಲಿ ಬಡಾವಣೆಯ ಹೆಸರು, ಎಡಗಂಬದಲ್ಲಿ ಸಂಸ್ಥಾಪಕ ಅಧ್ಯಕ್ಷರ ಹೆಸರು, ಬಲಗಂಬದಲ್ಲಿ ಜಾಗ ಉಳಿದರೆ ಕಾರ್ಯದರ್ಶಿಯ ಹೆಸರು. ಫರ್ಜಾನಾ ಎಲ್ಲವನ್ನೂ ಕೇಳಿಕೊಂಡರು.

"ಕಮಾನೋ ಇನ್ನೊಂದೋ, ಬೀದಿಯವರು ಹೇಳಬೇಕು ಸರ್," ಎಂದರು. "ಶನಿವಾರ ಸಾಯಂಕಾಲ ಐದಕ್ಕೆ ಸಭೆ ಕರೀರಿ. ಭಾನುವಾರ ಬೆಳಿಗ್ಗೆ ಇನ್ನು ನನಗೆ ಆಗೋದಿಲ್ಲ. ಒಂದು ಗಂಟೆ ನೀವು ಏನೂ ಮಾತಾಡಬಾರದು. ಮಾತಾಡಿದ್ರೆ ಈ ವರ್ಷದ ಸಹಾಯ ಬೇರೆ ಬೀದಿಗೆ ಹೋಗುತ್ತೆ."

ಗುರುಶಾಂತಪ್ಪನವರು ಎದ್ದು ನಿಂತರು. ಸಫಾರಿಯ ಗುಂಡಿ ಸರಿಮಾಡಿಕೊಂಡರು. ಬೇವಿನಮರದ ಕಾಗೆ ಮುಂದಿನದನ್ನು ಊಹಿಸಿ ಹಾರಿಹೋಯಿತು.

"ಕೇಳಮ್ಮಾ," ಎಂದು ಅವರು ಗುಡುಗಿದರು. "ತುಂಗಭದ್ರೆ ಹಿಂದಕ್ಕೆ ಹರಿಯಲಿ, ಹರಿಹರದ ಸೇತುವೆ ಎದ್ದು ನಡೆಯಲಿ, ಈ ಗುರುಶಾಂತಪ್ಪನ ತುಟಿ ಬಿಚ್ಚುವುದಿಲ್ಲ. ಮೂವತ್ತೊಂದು ವರ್ಷ ಮೈಕನ್ನು ಆಳಿದವನಿಗೆ ಒಂದು ಗಂಟೆಯ ಮೌನ ಯಾವ ಲೆಕ್ಕ!"

ಈ ಪ್ರತಿಜ್ಞೆ ಇಲ್ಲಿಗೆ ನಿಲ್ಲಲಿಲ್ಲ, ಇನ್ನೂ ಹನ್ನೆರಡು ನಿಮಿಷ ನಡೆಯಿತು. ಸರ್ವಮಂಗಳಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಫರ್ಜಾನಾ ಕಡೆ ನೋಡಿ, ಮೂವತ್ತೆಂಟು ವರ್ಷದಿಂದ ನಾನು ಕೇಳದ ವರ ಇದು, ನಿನಗೆ ಹೇಗೆ ಹೊಳೀತವ್ವ ಎಂದರು.

ಮಾರನೇ ದಿನ ಸರ್ವಮಂಗಳಮ್ಮ ಹಿಟ್ಟಿನ ಗಿರಣಿಗೆ ಜೋಳ ಒಯ್ದರು. ಹಿಟ್ಟು ಬೀಳುವಷ್ಟರಲ್ಲಿ ವಿಷಯ ಬೀದಿಗೆಲ್ಲ ಹಬ್ಬಿತು. ಅಧ್ಯಕ್ಷರು ಒಂದು ಗಂಟೆ ಸುಮ್ಮನಿರುತ್ತಾರಂತೆ. ಮೊದಲು ಯಾರೂ ನಂಬಲಿಲ್ಲ. ನಂಬಿದವರು ಬಾಯಿಗೆ ಏನಾದರೂ ಕಟ್ಟಿರುತ್ತಾರೋ ಎಂದು ವಿಚಾರಿಸಿದರು. ಗುರುಶಾಂತಪ್ಪನವರು ಹಂಚಿದ ನಾಲ್ಕು ಪುಟಗಳ ಕರಪತ್ರವನ್ನು ಓದಿದವರಿಲ್ಲ. ಆದರೆ ಶನಿವಾರ ಐದಕ್ಕೆ ಬೇವಿನಮರದ ಕೆಳಗೆ ಮೂವತ್ತು ಜನ ಜಮಾಯಿಸಿದ್ದರು. ಕುರ್ಚಿ ಸಾಲದೆ ಹಲವರು ನಿಂತಿದ್ದರು. ಕರಪತ್ರದ ಪ್ರಭಾವ ಎಂದು ಅಧ್ಯಕ್ಷರು ಒಳಗೊಳಗೇ ಹಿಗ್ಗಿದರು. ಜನ ಬಂದದ್ದು ಪವಾಡ ನೋಡಲು.

ಫರ್ಜಾನಾ ಗಡಿಯಾರ ನೋಡಿ ಶುರು ಎಂದರು. ಯುದ್ಧ ಆರಂಭವಾಯಿತು.

ಮೊದಲ ಎಂಟು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಗುರುಶಾಂತಪ್ಪನವರ ಬಾಯಿಯನ್ನೇ ನೋಡುತ್ತಿದ್ದರು. ಆ ಮೌನ ಅವರ ಎದೆಯ ಮೇಲೆ ಬಂದು ಕೂತಿತು. ನಿಲ್ದಾಣದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಆರು ಬಸ್ಸು ಹೊರಡಿಸಿರುತ್ತಿದ್ದರು. ಈ ಬೀದಿಯಲ್ಲಿ ನಿಮಗೆ ಎಲ್ಲಕ್ಕಿಂತ ತೊಂದರೆ ಯಾವುದು ಎಂದು ಫರ್ಜಾನಾ ಕೇಳಿದರು. ಕಾರ್ಯದರ್ಶಿ ಬಸವಂತಪ್ಪ ಎಂದೂ ಇಲ್ಲದಂತೆ ಕಣ್ಣು ತೆರೆದು, ನಮ್ಮ ಸಂಘ ಶುರುವಾಗಿ ಹತ್ತು ವರ್ಷವಾಯಿತು ಎಂದು ಪೀಠಿಕೆ ಹಾಕಿದರು.

ಹತ್ತು! ಹನ್ನೊಂದು ವರ್ಷ, ನಾಲ್ಕು ತಿಂಗಳು! ಗುರುಶಾಂತಪ್ಪನವರ ಗಂಟಲಿನಲ್ಲಿ ಹನ್ನೊಂದು ಎಂಬ ಸಂಖ್ಯೆ ಎದ್ದು ಹಲ್ಲಿನ ಬಾಗಿಲು ಬಡಿಯಿತು. ಮಹಾವೀರರು ತುಟಿ ಕಚ್ಚಿದರು. ಹತ್ತೂ ಬೆರಳು ಎತ್ತಿ ತೋರಿಸಿದರು. ಹನ್ನೊಂದನೆಯದನ್ನು ಎಲ್ಲಿಂದ ತರುವುದು? ಚಪ್ಪಲಿ ಕಳಚಿ ಹೆಬ್ಬೆರಳು ಎತ್ತಲು ಹೊರಟಾಗ ಫರ್ಜಾನಾ ಮೆಲ್ಲಗೆ, ಕೈಕಾಲಲ್ಲೂ ಬೇಡ ಸರ್ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಆ ನಗು ಜನರ ಬಾಯಿಯ ಬೀಗ ತೆಗೆಯಿತು. ಒಬ್ಬರಾದ ಮೇಲೊಬ್ಬರು ಮಾತಾಡತೊಡಗಿದರು. ಮೋರಿಯ ಕಲ್ಲು, ನಾಯಿ, ಕಂಬದ ದೀಪ, ಮತ್ತೆ ನಾಯಿ.

ಅರ್ಧ ಗಂಟೆಯ ಹೊತ್ತಿಗೆ ಕೊನೆಯ ಮನೆಯ ಕೊಟ್ರಮ್ಮ ಎದ್ದಳು. ಬ್ಲೌಸ್ ಹೊಲಿಯುವವಳು, ಯಾರ ಎದುರೂ ದನಿ ಎತ್ತಿದವಳಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು.

"ಸರ ಮೀಟಿಂಗು ಯಾವಾಗ್ಲೂ ಭಾನ್ವಾರ ಹತ್ತಕ್ಕೇ ಕರೀತಾರ್ರಿ," ಎಂದಳು. "ನಮಗೆ ನಳ ಬರೋದೂ ಭಾನ್ವಾರ ಹತ್ತಕ್ಕೇ. ಒಂದೇ ತಾಸು ಬಿಡ್ತಾರೆ. ಬಿಟ್ಟು ಹೆಂಗ್ ಬರೋಣ?"

ಹೌದೌದು ಎಂದು ಮೂವತ್ತು ತಲೆಗಳು ಆಡಿದವು. ಬೀದಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿಲ್ಲದವರು ಒಬ್ಬರೇ. ಅವರ ಮನೆಯಲ್ಲಿ ಕೊಳವೆಬಾವಿಯಿತ್ತು, ಗುಂಡಿ ಒತ್ತಿದರೆ ನೀರು. ಹನ್ನೊಂದು ವರ್ಷ ಕುಂಭಕರ್ಣರೆಂದು ಬೈಸಿಕೊಂಡವರು ಆ ಹೊತ್ತಿನಲ್ಲಿ ಕೊಡ ಹಿಡಿದು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಗುರುಶಾಂತಪ್ಪನವರಿಗೆ ಕಿವಿಯವರೆಗೂ ಬಿಸಿಯೇರಿತು. ಮತ್ತೆ ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೇಬಿಟ್ಟಿದ್ದರು. ಸರ್ವಮಂಗಳಮ್ಮ ಕೆಮ್ಮಿದರು. ಬಾಯಿ ಮುಚ್ಚಿತು.

ಕೇಳದ ಪ್ರಶ್ನೆಗೆ ಕೊಟ್ರಮ್ಮನೇ ಉತ್ತರ ಕೊಟ್ಟಳು.

"ಎರಡು ಸಲ ಹೇಳಾಕಂತ ಬಂದಿದ್ದೆ ಸರ. ಕೊಡ ನಳದ ಕೆಳಗಿಟ್ಟು ಓಡಿ ಬಂದಿದ್ದೆ. ನೀವು ಮಾತಾಡ್ತಿದ್ರಿ. ಮುಗೀಲಿ ಅಂತ ನಿಂತೆ. ಕೊಡ ತುಂಬಿ ಹರೀತಿರುತ್ತೆ ಅಂತ ವಾಪಸ್ ಹೋದೆ."

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳಿ ಕೂತಳು. ಮೂವತ್ತೊಂದು ವರ್ಷದ ಮೈಕಿನ ಚಕ್ರವರ್ತಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಬೇವಿನಮರದ ಪಕ್ಕದಲ್ಲಿ ಬಂದು ನಿಂತು ಹೋದ ಒಬ್ಬ ಹೆಂಗಸನ್ನು ಅವರು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಆಗ ಅವರು ಯಾರನ್ನೂ ನೋಡುತ್ತಿರಲಿಲ್ಲ.

ಆದರೆ ಯುದ್ಧದೇವತೆಗಳು ನಿರ್ದಯರು, ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು. ಮಂಡಕ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ ದುಡಿದು ಮೊಣಕಾಲು ಸವೆಸಿಕೊಂಡಿದ್ದ ದಾದಾಪೀರ್ ಸಾಬರು, ಮೇನ್ ರೋಡಿನಿಂದ ಮನೆಗೆ ಬರುವಷ್ಟರಲ್ಲಿ ಕಾಲು ಸೋಲುತ್ತದೆ, ನಡುವೆ ಕೂರಲು ಒಂದು ಕಲ್ಲುಬೆಂಚು ಇದ್ದರೆ ಚಲೋ ಇತ್ತು ಎಂದರು. ಶಾಲೆಯ ವ್ಯಾನಿಗೆ ಕಾಯುವ ತಾಯಂದಿರು ಎರಡು ಇರಲಿ ಎಂದರು. ಎಲ್ಲಿ ಇಡುವುದು ಎಂದು ಚರ್ಚೆ ಹತ್ತಿಕೊಂಡಿತು. ಕಮಾನಿನ ಸುದ್ದಿ ಯಾರೂ ಎತ್ತಲಿಲ್ಲ. ಸ್ವಾಮಿಭಕ್ತ ಬಸವಂತಪ್ಪ ಮಾತ್ರ ಒಂದು ಸ್ವಾಗತ ಕಮಾನು ಅಂತಲೂ ಇತ್ತು ಎಂದು ರಾಗ ಎಳೆದರು.

"ಅದರ ಕೆಳಗೆ ಕೂರಾಕ್ ಬರ್ತತೇನ್ರಿ?" ಎಂದು ದಾದಾಪೀರ್ ಸಾಬರು ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದರು.

ಸಭೆ ಮತ್ತೆ ನಕ್ಕಿತು. ಗಗನಚುಂಬಿ ಕಮಾನು, ಅದರ ಎಡಗಂಬ, ಎಡಗಂಬದ ಹೆಸರು, ಹೆಸರಿನ ಹಿಂದಿನ ಶ್ರೀ ಎಲ್ಲವೂ ಗುರುಶಾಂತಪ್ಪನವರ ಕಣ್ಣೆದುರೇ ಉರುಳಿದವು. ಒಂದೇ ಒಂದು ಮಾತು ಸಾಕಿತ್ತು. ಆ ಕಂಠಕ್ಕೆ ಎದುರಾಡುವವರು ಅಲ್ಲಿ ಯಾರಿದ್ದರು? ಆದರೆ ಮಾತಾಡಿದರೆ ಸಹಾಯ ಹೋಯಿತು, ಬೆಂಚೂ ಹೋಯಿತು. ಈ ಮೂವತ್ತು ಜನ ಮತ್ತೆ ಈ ಮರದ ಕೆಳಗೆ ಬರುವುದಿಲ್ಲ. ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಸರ್ವಮಂಗಳಮ್ಮ ಕಾಫಿ ಬಿಡುವುದನ್ನು ನಿಲ್ಲಿಸಿ ಗಂಡನನ್ನೇ ನೋಡುತ್ತಿದ್ದರು. ಗುರುಶಾಂತಪ್ಪನವರು ಕಮಾನನ್ನು ನುಂಗಿಕೊಂಡರು.

ಕೊನೆಗೂ ಫರ್ಜಾನಾ ಗಡಿಯಾರ ನೋಡಿ, ಗಂಟೆ ಮುಗಿಯಿತು ಸರ್, ಇನ್ನು ಮಾತಾಡಬಹುದು ಎಂದರು.

ಆಹಾ, ಮೌನಸಮರವಿಜಯಿ, ಜಿಹ್ವಾನಿಗ್ರಹಧುರಂಧರ, ಸ್ವಕಂಠಸಿಂಹಮರ್ದನ ಗುರುಶಾಂತಪ್ಪನವರು ಎದ್ದು ನಿಂತರು. ಅರವತ್ತು ನಿಮಿಷ ಕಟ್ಟೆ ಕಟ್ಟಿ ನಿಲ್ಲಿಸಿದ್ದ ವಾಕ್ಪ್ರವಾಹವನ್ನು ಬಿಡಲು ಎದೆಯುಬ್ಬಿಸಿ ಉಸಿರೆಳೆದುಕೊಂಡರು. ಸುತ್ತಲೂ ನೋಡಿದರು. ಯಾರೂ ಅವರತ್ತ ನೋಡುತ್ತಿರಲಿಲ್ಲ. ಬೆಂಚು ಎಲ್ಲಿ ಇಡುವುದೆಂದು ಮೂವತ್ತು ಜನ ಒಟ್ಟಿಗೇ ಮಾತಾಡುತ್ತಿದ್ದರು. ವ್ರತ ಮುಗಿದದ್ದನ್ನು ಗಮನಿಸಿದವರೇ ಇಲ್ಲ. ಎಳೆದುಕೊಂಡ ಉಸಿರನ್ನು ಏನು ಮಾಡುವುದೆಂದು ತಿಳಿಯದೆ ಅವರು ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಮೆಲ್ಲಗೆ ಬಿಟ್ಟರು.

ಕೊಟ್ರಮ್ಮ ಹೊರಡಲು ಸೆರಗು ಕೊಡವಿ ಹತ್ತಿರ ಬಂದಳು.

"ಸರ, ಮುಂದಿನ ಮೀಟಿಂಗು ಯಾವಾಗ್ರಿ?"

ಹನ್ನೊಂದು ವರ್ಷ ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ದಿನಾಂಕ, ವಾರ, ಸಮಯ, ಸ್ಥಳ ಎಲ್ಲವೂ ಗುರುಶಾಂತಪ್ಪನವರ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ನೀವೇ ಹೇಳ್ರಿ," ಎಂದರು.

ಮುಂದಿನ ತಿಂಗಳೂ ಶನಿವಾರ ಸಂಜೆಗೇ ಇರಲಿ ಎಂದು ಕೊಟ್ರಮ್ಮ ಹೇಳಿದಳು. ಅವರು ಸರಿ ಎಂದರು. ಅಷ್ಟೇ ನಡೆದದ್ದು. ಒಬ್ಬ ಮನುಷ್ಯ ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದ, ಬೀದಿಗೆ ಎರಡು ಕಲ್ಲುಬೆಂಚು ಬಂದವು. ಅವತ್ತು ಜನ ಚದುರಿದ ಮೇಲೆ ಗುರುಶಾಂತಪ್ಪನವರು ಕುರ್ಚಿಗಳನ್ನು ಎಳೆದು ತರತೊಡಗಿದರು. ಎಳೀಬೇಡ್ರಿ, ಕಾಲು ಮುರೀತಾವೆ ಎಂದು ಸರ್ವಮಂಗಳಮ್ಮ ಹೇಳಿದರು. ಅವರು ಒಂದೊಂದನ್ನೇ ಎತ್ತಿಕೊಂಡು ಬಂದರು.