ಒಂದು ಜರ್ಮನ್ ಚಾಕೊಲೇಟಿನ ವಂಶಾವಳಿ

ಚಾಕೊಲೇಟ್ ಮಾರುವ ಆಫೀಸಿನಲ್ಲಿ ನಗುವಂಥದ್ದೇನಿರುತ್ತದೆ ಅಂತ ಕೆಲವರು ಕೇಳುತ್ತಾರೆ. ಬರೀ ಚಾಕೊಲೇಟ್ ಮಾರಿದ್ದರೆ ಏನೂ ಇರುತ್ತಿರಲಿಲ್ಲ. ನಾವು ಮಾರುತ್ತಿದ್ದದ್ದು ಚರಿತ್ರೆ. ಹಾಗಾಗಿ ವಾರಕ್ಕೊಂದು ಪ್ರಸಂಗ ತಪ್ಪುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ಲಂಡನ್ನಿನ ಕೆಂಟನ್‌ಗೆ ಬಂದೆ. ಕೆಲಸ ಸಿಕ್ಕಿದ್ದು ಗ್ರೀನ್‌ಫರ್ಡ್‌ನಲ್ಲಿ, ಹಳೆಯ ಜರ್ಮನ್ ಚಾಕೊಲೇಟ್ ಮನೆತನವೊಂದರ ಲಂಡನ್ ಶಾಖೆಯಲ್ಲಿ. ಕೆಳಗೆ ಗೋದಾಮು, ಮೇಲೆ ಆಫೀಸು. ನಮ್ಮ ಬಾಸು ಆ ಮನೆತನದ ಅಳಿಯ. ಮನೆತನದಲ್ಲಿ ಹುಟ್ಟಿದವರಿಗೂ ಇಲ್ಲದ ಅಭಿಮಾನ ಅವನಿಗಿತ್ತು.

ಮೀಸೆ

ನಮ್ಮ ಡಬ್ಬಿಯ ಮೇಲೆ ಮೂಲಪುರುಷನ ಚಿತ್ರವಿತ್ತು. ಪೊರಕೆಯಂಥ ಮೀಸೆ, ಸಾಲ ವಸೂಲಿಗೆ ಬಂದವನ ಕಣ್ಣು. ಮಕ್ಕಳು ಹೆದರುತ್ತಾರೆ ಅಂತ ಜಾಹೀರಾತು ಏಜೆನ್ಸಿಯವರು ಮೊದಲು ಮೀಸೆ ಕತ್ತರಿಸಿದರು. ಆಮೇಲೆ ನಗು ಬರೆಸಿದರು. ಆಮೇಲೆ ಕೂದಲಿಗೆ ಕಪ್ಪು ಬಂತು. ಕೆಲವೇ ವರ್ಷಗಳಲ್ಲಿ ಮುದುಕ ನಮ್ಮ ಬಾಸಿಗಿಂತ ಚಿಕ್ಕವನಾದ.

ಒಮ್ಮೆ ಬಾಸಿನ ಹೆಂಡತಿ, ಅಂದರೆ ಮೂಲಪುರುಷನ ಖಾಸಾ ಮರಿಮಗಳು, ಜರ್ಮನಿಯಿಂದ ಬಂದಳು. ಡಬ್ಬಿ ಎತ್ತಿ ನೋಡಿ, "ಯಾರಿವನು?" ಅಂದಳು.

"ನಿನ್ನ ಮುತ್ತಜ್ಜ!" ಅಂದ ಬಾಸು.

ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. "ನಮ್ಮ ಮುತ್ತಜ್ಜಿಗೆ ಇವನು ಸಿಕ್ಕಿದ್ದರೆ ನನ್ನ ಮೂಗು ಹೀಗಿರುತ್ತಿರಲಿಲ್ಲ."

ಗೋಡೆ

ಕಂಪನಿಯ ಚರಿತ್ರೆಯನ್ನು ಆಫೀಸಿನ ಉದ್ದನೆಯ ಗೋಡೆಯ ಮೇಲೆ ಚಿತ್ರಗಳಲ್ಲಿ ಹಾಕಿಸಿದರು. ತಾಮ್ರದ ಕಡಾಯಿ, ಮೊದಲ ಯಂತ್ರ, ಯಾವುದೋ ರಾಜಕುಮಾರನ ಆರ್ಡರು, ಮೂವತ್ತರ ದಶಕದಲ್ಲಿ ಡಬ್ಬಿ ಹಿಡಿದು ನಗುವ ಹುಡುಗಿಯರು. ಅದರ ಪಕ್ಕದಲ್ಲೇ ಐವತ್ತರ ದಶಕದ ಚಾಕೊಲೇಟಿನ ಹೊಸ ಹೊದಿಕೆ.

ಅಂಗಡಿಯವರನ್ನೆಲ್ಲ ಕರೆದು ತೋರಿಸಿದೆವು. ಪೂರ್ವ ಲಂಡನ್ನಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಇಂಗ್ಲಿಷ್ ಅಜ್ಜಿಯೊಬ್ಬಳು ಕೋಲೂರಿಕೊಂಡು ಗೋಡೆಯುದ್ದಕ್ಕೂ ನಡೆದಳು. ಹುಡುಗಿಯರ ಹತ್ತಿರ ನಿಂತು, "ಇಲ್ಲಿಂದ ಒಂದೇ ಜಿಗಿತಕ್ಕೆ ಐವತ್ತಕ್ಕೆ ಹೋಗಿದ್ದೀರಲ್ಲ. ನಡುವೆ ಏನು ಮಾಡುತ್ತಿದ್ದಿರಿ?" ಅಂತ ಕೇಳಿದಳು.

ಬಾಸು ಟೈ ಸರಿಮಾಡಿಕೊಂಡ. "ಗೋಡೆ ಸಾಲಲಿಲ್ಲ, ಮೇಡಂ."

ಆಚೆ ಇನ್ನೂ ಎರಡು ಬೀರು ಇಡುವಷ್ಟು ಗೋಡೆ ಖಾಲಿ ಬಿದ್ದಿತ್ತು. ಅಜ್ಜಿ ಅದನ್ನೂ ನೋಡಿದಳು.

"ಆ ವರ್ಷಗಳಲ್ಲಿ ನಮ್ಮ ಮನೆಗೂ ಗೋಡೆ ಸಾಲಲಿಲ್ಲಪ್ಪ," ಅಂದಳು. "ನಿಮ್ಮವರು ವಿಮಾನದಲ್ಲಿ ಬಂದು ಕೆಡವಿ ಹೋಗಿದ್ದರು."

ಹೊಸ ಲೋಗೊ

ಏಜೆನ್ಸಿ ಇದ್ದದ್ದು ಕ್ಯಾನರಿ ವಾರ್ಫ್‌ನಲ್ಲಿ, ಲಿಫ್ಟಿನಲ್ಲೇ ಕಿವಿ ಮುಚ್ಚಿಕೊಳ್ಳುವಷ್ಟು ಎತ್ತರದಲ್ಲಿ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಹೊಸ ಲೋಗೊ ಮಾಡಿದ್ದರು. ಕಪ್ಪು ಅಂಗಿಯ ಹುಡುಗನೊಬ್ಬ ದೀಪ ಆರಿಸಿ, ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟ.

"ಹೊಸದು ಯಾವುದು?" ಅಂದೆ.

"ನೋಡಿದಿರಾ! ಅದೇ ನಮ್ಮ ಗೆಲುವು!" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ಬಾಸು ಎಲ್ಲರಿಗಿಂತ ಜೋರಾಗಿ.

ಲಿಫ್ಟಿನಲ್ಲಿ ಬಾಸು ಮೆಲ್ಲಗೆ ಕೇಳಿದ, "ನಿನಗೆ ವ್ಯತ್ಯಾಸ ಕಂಡಿತೇ?"

"ಇಲ್ಲ."

"ಸದ್ಯ. ನನ್ನ ಕಣ್ಣೇ ಹೋಯಿತೇನೋ ಅಂದುಕೊಂಡಿದ್ದೆ."

ಹೊಸ ಡಬ್ಬಿಗಳು ಬಂದವು. ಅಂಗಡಿಯವರೆಲ್ಲ ಲೋಗೊ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಅಚ್ಚಿನವನು ಫೋನ್ ಮಾಡಿ ಕ್ಷಮೆ ಕೇಳಿದ, ಗಡಿಬಿಡಿಯಲ್ಲಿ ಹಳೆಯದನ್ನೇ ಹಾಕಿಬಿಟ್ಟಿದ್ದನಂತೆ.

ಭಜನೆ

ಕೆಂಟನ್‌ನಲ್ಲಿ ನಮ್ಮ ಕಡೆಯ ಹೆಂಗಸರ ಭಜನಾ ಮಂಡಳಿಯಿತ್ತು. ಅದಕ್ಕೆ ಹಿರಿಯರು ಬಿಜಾಪುರದ ಒಬ್ಬರು ಮಾವಶಿ. ಉಳ್ಳಾಗಡ್ಡಿ ಮುಟ್ಟದವರು. ಬಿಸ್ಕೀಟ್ ಪಾಕೀಟನ್ನೂ ಕನ್ನಡಕ ಹಾಕಿಕೊಂಡು ಓದಿ, ಆಮೇಲೆ ಒಡೆಯುವವರು.

ಒಂದು ಶುಕ್ರವಾರ ಆಫೀಸಿನಲ್ಲಿ ಕೊಟ್ಟ ಬಂಗಾರದ ಬಣ್ಣದ ಡಬ್ಬಿ ಒಯ್ದೆ. ಮೇಲೆ ಬರೀ ಜರ್ಮನ್ ಅಕ್ಷರ.

"ತತ್ತಿ ಅದ ಏನು?" ಅಂದರು ಮಾವಶಿ.

"ಇಲ್ರಿ," ಅಂದೆ. ತತ್ತಿಗೆ ಜರ್ಮನ್ನಿನಲ್ಲಿ ಏನಂತಾರೆ ಅನ್ನುವಷ್ಟು ನನಗೆ ಗೊತ್ತಿತ್ತು.

ಎಲ್ಲರೂ ತಿಂದರು. ಆ ದಿನ ಭಜನೆಗೆ ಏನು ಏರು ಬಂತು! ಎಂದೂ ದನಿ ಎತ್ತದ ಬೆಳಗಾವಿಯ ವೈನಿ, "ಇದೊಂದು ನಾ ಹೇಳತೀನಿ," ಅಂತ ತಾಳ ಕಸಿದುಕೊಂಡರು. ಮನೆಗೆ ಹೋಗಲು ಯಾರೂ ಏಳಲೊಲ್ಲರು. ಮುಂದಿನ ವಾರದಿಂದ ಅದೇ ಡಬ್ಬಿ ಬೇಕೆಂದರು. ಕೆಂಟನ್‌ನ ಅಂಗಡಿಗಳಲ್ಲಿ ಸರಕು ನಿಲ್ಲದಾಯಿತು.

ಏಜೆನ್ಸಿಯವರು ಓಡಿ ಬಂದು ಕಾರಣ ವಿವರಿಸಿದರು: "ಭಾರತೀಯ ಕುಟುಂಬಗಳಿಗೆ ನಮ್ಮ ತಲೆಮಾರುಗಳ ಪರಂಪರೆ ಹಿಡಿಸಿದೆ." ಪೋಸ್ಟರಿಗೆ ಮಂಡಳಿಯ ಫೋಟೋನೇ ಬೇಕಂತೆ, ಇಳಕಲ್ ಸೀರೆ ಉಟ್ಟು ಕೈಯಲ್ಲಿ ಡಬ್ಬಿ ಹಿಡಿದು. ಪೋಸ್ಟರಿನ ಮಾದರಿ ತೋರಿಸಿದರು. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ "ಒಳಗೆ ಅಪ್ಪಟ ಬ್ರಾಂಡಿ" ಅಂತಿತ್ತು.

ನನ್ನನ್ನು ಮಂಡಳಿಯಿಂದ ಹೊರಗೆ ಹಾಕುವುದು ಖಂಡಿತ, ಆಮೇಲೆ ನಮ್ಮ ಅತ್ತೆಗೂ ಸುದ್ದಿ ಮುಟ್ಟುತ್ತದೆ ಅಂದುಕೊಳ್ಳುತ್ತಲೇ ಮಾವಶಿಯ ಮನೆಗೆ ಹೋದೆ. ಅವರು ಬತ್ತಿ ಹೊಸೆಯುತ್ತಾ ಕೂತಿದ್ದರು.

"ಮಾವಶಿ, ತಪ್ಪು ತಿಳೀಬ್ಯಾಡ್ರಿ. ಆಫೀಸಿನವರಿಗೆ ಪೋಸ್ಟರಿಗೆ ನಮ್ಮ ಮಂಡಳಿ ಫೋಟೋ ಬೇಕಂತ. ಆದ್ರ ಆ ಚಾಕೊಲೇಟಿನೊಳಗ ಬ್ರಾಂಡಿ ಅದರಿ."

ಅವರು ಅಡಿಗೆಮನೆಯಲ್ಲಿದ್ದ ಸೊಸೆಯ ಕಡೆ ನೋಡಿದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನಮ್ಮ ಮನಿಯವರು ಮಿಲಿಟರಿಯೊಳಗ ಇದ್ರು," ಅಂದರು. "ಮೊದಲನೇದು ಬಾಯಾಗ ಇಟ್ಟಾಗನ ನನಗ ಗೊತ್ತಾತು."

"ಮತ್ತ ಯಾಕ ಹೇಳಲಿಲ್ರಿ?"

"ಹುಚ್ಚಿ! ಎಲ್ಲಾರಿಗೂ ಗೊತ್ತಾತಂದ್ರ ಒಂದು ಡಬ್ಬಿ ಯಾರ ಮೂಗಿಗೆ ಸಾಲತದ? ಫೋಟೋ ಗೀಟೋ ಬ್ಯಾಡ. ಶುಕ್ರವಾರ ಎರಡು ತಗೊಂಡು ಬಾ."