ಹೆಣ್ಣುಮಕ್ಕಳ ಹಾಯಸ್ಕೂಲಿಗಾಗಿ ಒಂದು ವರ್ಷದ ಚಹಾ

ಸಮಿತಿ ಎಂಬುದು ಊರಿಗೆ ಒಳ್ಳೆಯದೇ. ಅದು ಯಾರ ಪಡಸಾಲೆಯಲ್ಲಿ ಕೂಡುತ್ತದೆಯೋ ಆ ಮನೆಯ ಹೆಂಗಸಿಗೆ ಮಾತ್ರ ಅಲ್ಲ. ಮೂಡಲಗಿಗೆ ಹೆಣ್ಣುಮಕ್ಕಳ ಹಾಯಸ್ಕೂಲು ಬೇಕೆನ್ನುವ ಸಮಿತಿ ಒಂದು ವರ್ಷ ಗುರುವಾರಕ್ಕೊಮ್ಮೆ ನಮ್ಮ ಮನೆಯಲ್ಲೇ ಕೂಡಿತು. ನಮ್ಮವರು ಅದರ ಕಾರ್ಯದರ್ಶಿ. ನನಗೂ ಆ ಸಾಲೆ ಬೇಕಾಗಿತ್ತು, ಸುಳ್ಳೇಕೆ ಹೇಳಲಿ? ಮಗಳು ಶಾಂತಾ ಏಳನೇ ಇಯತ್ತೆಯಲ್ಲಿದ್ದಳು. ಮುಂದೆ ಓದಬೇಕೆಂದರೆ ಗೋಕಾಕ. ಅಷ್ಟು ದೂರ ಬಸ್ಸಿನಲ್ಲಿ ಕಳಿಸಲು ನಮ್ಮ ಅತ್ತೆಯವರು ಸುತರಾಂ ಒಪ್ಪುವವರಲ್ಲ. ಸಾಲೆ ಬಾರದಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

ಖರ್ಚಿಗೆಂದು ಮನೆಗೊಂದು ಸೇರು ಜೋಳ ಎತ್ತುವ ಠರಾವಾಯಿತು. ಚೀಲಗಳು ಬಂದು ನಮ್ಮ ದೇವರ ಕೋಣೆಯ ಬಾಗಿಲಿಗೆ ಒರಗಿದವು. ಅಧ್ಯಕ್ಷರಾದ, ಕಾಳಿನ ಅಡತಿ ವ್ಯಾಪಾರದ ಬಸಪ್ಪನವರು ಧಾರಣೆ ಏರಲೆಂದು ಕಾದರು, ನುಸಿ ಕಾಯಲಿಲ್ಲ. ಊರೂರಿಗೆ ಹಂಚಲು ಹಳದಿ ಕರಪತ್ರ ಅಚ್ಚಾಯಿತು. ಹಂಚಿದ್ದಕ್ಕಿಂತ ಹೆಚ್ಚಿನವುಗಳ ಮೇಲೆ ನಮ್ಮ ಪಡಸಾಲೆಯಲ್ಲೇ ಚುರಮರಿ ಸುರುವಿಕೊಂಡು ತಿಂದರು. 'ಪಾಲಕರೇ, ಎಚ್ಚರಾಗಿರಿ' ಎಂಬ ಸಾಲಿನ ಮೇಲೆ ಎಣ್ಣೆಯ ಕಲೆ ಕೂತಿದ್ದನ್ನು, ಕಸ ಗುಡಿಸುವವಳು ನಾನಾದ್ದರಿಂದ, ನಾನೇ ಕಂಡೆ. ಬಸಪ್ಪನವರು ಬಟ್ಟಲು ಕೆಳಗಿಡುತ್ತ ಪ್ರತಿ ಸಲ ಅದನ್ನೇ ಹೇಳುವರು: "ಅಕ್ಕಾರ, ನಿಮ್ಮ ಚಹಾ ಇಲ್ಲಂದ್ರ ನಮ್ಮ ಚಳವಳಿ ಇಲ್ರಿ."

ಅರ್ಜಿ ಬರೆಯುವ ಕೆಲಸವೂ ನನಗೇ ಬಂತು. ಕಾನ್ವೆಂಟಿನ ಸಿಸ್ಟರ್ ಗೆಣ್ಣಿಗೆ ರೂಲು ಕೊಟ್ಟು ತಿದ್ದಿದ ಅಕ್ಷರ ನನ್ನದು. ಗಂಡಸರು ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸುತ್ತ ನಡುವೆ ನನ್ನದೂ ಒಂದು ವಾಕ್ಯ ಸೇರಿಸಿದೆ: 'ಅಜ್ಞಾನಿ ತಾಯಂದಿರು ಹೆಣ್ಣುಮಕ್ಕಳನ್ನು ಸಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚುತ್ತಾರೆ.' ಬರೆದು, ಮಸಿ ಆರುವವರೆಗೆ ನಾಲ್ಕು ಸಲ ಓದಿಕೊಂಡೆ.

ಮೂರನೆಯ ಅರ್ಜಿಗೆ ಬೆಳಗಾವಿಯಿಂದ ಇನ್ಸ್‌ಪೆಕ್ಟರ್ ಸಾಹೇಬರೇ ಬಂದರು, ಅದೂ ಗುರುವಾರ. ಏಳನೆಯವರೆಗಿನ ಊರ ಸಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿಕೊಂಡು ನಮ್ಮಲ್ಲಿಗೆ ಬಂದು ಕೂತರು. ಏಳನೇ ಇಯತ್ತೆಯ ಹುಡುಗಿಯರೇ ನೆಟ್ಟಗೆ ಬರದಿರುವಾಗ ಎಂಟನೆಯದನ್ನು ಯಾರಿಗೆ ತೆರೆಯಲಿ ಎಂಬುದು ಅವರ ತಕರಾರು. ಒಬ್ಬಳಂತೂ ಗುರುವಾರ ಬಂದರೆ ಗೈರುಹಾಜರು ಎಂದರು. ಅಷ್ಟರಲ್ಲಿ ಶಾಂತಾ ಚಹಾದ ತಾಟು ಹಿಡಿದು ಬಂದಳು. ಸಾಹೇಬರು ಹೆಸರು ಕೇಳಿದರು, ಹೇಳಿದಳು.

"ಗುರುವಾರ ಸಾಲಿಗೆ ಯಾಕ ಹೋಗಂಗಿಲ್ಲವ್ವಾ?"

"ಗುರುವಾರ ಮೀಟಿಂಗ್ ಇರ್ತೈತ್ರಿ, ಹೆಣ್ಣಮಕ್ಕಳ ಸಾಲಿ ಸಲುವಾಗಿ. ಅವ್ವಗ ಒಬ್ಬಾಕಿಗೇ ಆಗಂಗಿಲ್ರಿ."

ಬಸಪ್ಪನವರು ಚಹಾ ಊದುವುದನ್ನು ನಿಲ್ಲಿಸಿದರು. ಸಾಹೇಬರು ಚೀಲದಿಂದ ನಮ್ಮ ಅರ್ಜಿ ತೆಗೆದು ಬಿಚ್ಚಿದರು. ಕೆಂಪು ಪೆನ್ಸಿಲಿನಿಂದ ಒಂದೇ ಒಂದು ವಾಕ್ಯಕ್ಕೆ ಗೆರೆ ಎಳೆದಿತ್ತು. ಉಳಿದದ್ದೆಲ್ಲ ಎಲ್ಲ ಊರಿನವರೂ ಬರೆಯುವುದೇ, ಈ ಒಂದು ವಾಕ್ಯ ಮಾತ್ರ ಕಣ್ಣಾರೆ ಕಂಡು ಬರೆದ ಹಾಗಿದೆ, ಬರೆದವರು ಯಾರು ಎಂದು ಕೇಳಿದರು. ನಮ್ಮವರು ಹಿಗ್ಗಿ ಹೀರೇಕಾಯಿಯಾಗಿ ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ಕೈ ತೋರಿಸಿದರು.

ಹಾಜರಿ ತುಂಬಲಿ, ಮುಂದಿನ ವರ್ಷ ನೋಡೋಣ ಎಂದು ಸಾಹೇಬರು ಹೊರಟರು. ಹಾಜರಿ ಹೆಚ್ಚಿಸಲು ಸಮಿತಿ ಅಲ್ಲೇ ಒಂದು ಉಪಸಮಿತಿ ಮಾಡಿತು. ಸಭೆ ಗುರುವಾರ, ನಮ್ಮಲ್ಲೇ. ಮುಂದಿನ ಗುರುವಾರ ಶಾಂತಾಳ ಜಡೆಗೆ ರಿಬ್ಬನ್ ಕಟ್ಟಿ ಸಾಲೆಗೆ ಅಟ್ಟಿದೆ, ಒಲೆ ಹೊತ್ತಿಸಲಿಲ್ಲ. ಸಭೆ ಕಾಲು ತಾಸಿನಲ್ಲಿ ಮುಗಿಯಿತು. ಅಜ್ಞಾನಿ ತಾಯಿ ಒಬ್ಬಳೇ ಕೂತು ಹಳದಿ ಕರಪತ್ರದ ಮೇಲೆ ಜೋಳದ ನುಸಿ ಆರಿಸಿದಳು.